ಕೋವಿಯವರ ಆಫ್ರಿಕಾ, ಎಣ್ಣೆಯವರ ಆಫ್ರಿಕಾ

ನಮ್ಮ ಹಾಸನ ಜಿಲ್ಲೆಯಲ್ಲಿ ಆಫ್ರಿಕಾದ ನಕಾಶೆ ಮುಂದಿಟ್ಟುಕೊಂಡು ಯಾವ ದೇಶಕ್ಕೆ ಹೋಗುವುದು ಅಂತ ಲೆಕ್ಕ ಹಾಕುವ ಜನ ಎರಡು ಥರ ಇದ್ದಾರೆ. ಒಂದು ಥರದವರು, ಕಾಫಿ ರೇಟು ಏರಿದ ಮೇಲೆ ದುಡ್ಡನ್ನು ಎಲ್ಲಿ ಸುರಿಯಬೇಕೋ ತಿಳಿಯದೆ, ಅಪ್ಪ ತಾತಂದಿರ ಕಾಲದ ಬೇಟೆಯ ಚಟ ತೀರಿಸಿಕೊಳ್ಳಲು ಇಲ್ಲಿ ಕಾನೂನು ಬಿಡುವುದಿಲ್ಲವಲ್ಲ ಅಂತ ಕೈ ಕೈ ಹಿಸುಕಿಕೊಳ್ಳುವವರು. ಇನ್ನೊಂದು ಥರದವರು ಬೇಲೂರು ತಾಲ್ಲೂಕು ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳು. ಮೊದಲನೆಯವರು ಕೇಳುವುದು, ಸಿಂಹ ಎಲ್ಲಿ ಅಗ್ಗ, ಆನೆಗೆ ಎಲ್ಲಿ ಪರ್ಮಿಟ್ಟು ಸಿಗುತ್ತೆ? ಎರಡನೆಯವರು ಕೇಳುವುದು, ತಲೆಗೂದಲಿನ ಎಣ್ಣೆ ಎಲ್ಲಿ ಮಾರಾಟ ಆಗುತ್ತೆ, ಎಲ್ಲಿ ಪೊಲೀಸಿನವರು ಮೈಮೇಲೆ ಬೀಳೋದಿಲ್ಲ, ಎಲ್ಲಿ ಸದ್ಯಕ್ಕೆ ಯುದ್ಧ ಇಲ್ಲ?

ಇದರಲ್ಲಿ ಕಹಿ ಏನೆಂದರೆ, ಈ ಎರಡನೆಯವರೇ ಹುಟ್ಟು ಬೇಟೆಗಾರರು. ಕುಲದ ಹೆಸರಿನಲ್ಲೇ ಹಕ್ಕಿ ಇದೆ, ಹಿಡಿಯುವುದೂ ಇದೆ. ಬೇಟೆ ಅವರ ಹೊಟ್ಟೆಪಾಡಾಗಿತ್ತು. ಅದನ್ನು ಕಿತ್ತುಕೊಂಡ ಮೇಲೆ ಅವರು ಆಫ್ರಿಕಾಕ್ಕೆ ಎಣ್ಣೆ ಬಾಟಲಿ ಹೊತ್ತರು. ಬೇಟೆ ಯಾರಿಗೆ ಬರೀ ಮೋಜಾಗಿತ್ತೋ ಅವರು ಅದೇ ಆಫ್ರಿಕಾಕ್ಕೆ ಕೋವಿ ಹೊರಲು ಹೊರಟಿದ್ದಾರೆ. ಗೆಳೆಯರೇ, ಈ ಲೆಕ್ಕವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ನಮ್ಮ ಕಡೆಯ ತೋಟದ ಸಾಹುಕಾರರೊಬ್ಬರು, ಹೆಸರು ಬೇಡ, ಒಂದು ದಿನ ನನ್ನನ್ನು ಕರೆಸಿದರು. ನಮ್ಮ ಮನೆಯಲ್ಲಿ ಬಿ.ಎ. ಮುಗಿಸಿದ ಮೊದಲನೆಯವನು ನಾನು. ಕೇರಿಯ ಹುಡುಗ ಇಂಗ್ಲಿಷ್ ಓದುತ್ತಾನೆ ಅನ್ನುವುದು ಅವರಿಗೆ ಈಗ ಉಪಯೋಗಕ್ಕೆ ಬಂದಿತ್ತು. ಜಗಲಿಯಲ್ಲೇ ನಿಲ್ಲಿಸಿ, ಬಣ್ಣಬಣ್ಣದ ನಾಲ್ಕೈದು ಪುಸ್ತಿಕೆ ಕೈಗಿತ್ತು, "ನೋಡಲಾ, ಬಿ.ಎ. ಮಾಡಿದ್ದೀಯಂತೆ. ಇದರಲ್ಲಿ ಯಾವ ದೇಶ ವಾಸಿ ಅಂತ ಓದಿ ನಾಕು ಸಾಲು ಬರೆದುಕೊಡು" ಅಂದರು. ನಾನು ತಂದು ಪೂರ್ತಿ ಓದಿದೆ. ಸಾಹುಕಾರರಿಗೆ ಬರೆದುಕೊಡಬೇಕಾದ್ದನ್ನು ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕೀನ್ಯಾ ಪಟ್ಟಿಯಲ್ಲಿ ಇಲ್ಲ. ಅಲ್ಲಿ 1977ರಲ್ಲೇ ಬೇಟೆ ನಿಲ್ಲಿಸಿದರು. ತಾಂಜಾನಿಯಾ, ನಮೀಬಿಯಾ, ಜಿಂಬಾಬ್ವೆ, ಜಾಂಬಿಯಾ, ಮೊಜಾಂಬಿಕ್, ದಕ್ಷಿಣ ಆಫ್ರಿಕಾ ಇವೆ. ಬೋಟ್ಸ್ವಾನಾ 2014ರಲ್ಲಿ ಬಾಗಿಲು ಹಾಕಿ 2019ರಲ್ಲಿ ಮತ್ತೆ ತೆಗೆಯಿತು. ದಕ್ಷಿಣ ಆಫ್ರಿಕಾದಲ್ಲಿ ಬೇಲಿ ಹಾಕಿದ ಖಾಸಗಿ ಜಮೀನುಗಳಲ್ಲಿ ಪ್ರಾಣಿಗಳನ್ನು ಸಾಕಿ ಬೇಟೆಗೆ ಬಿಡುತ್ತಾರೆ. ಸಿಂಹಗಳನ್ನೂ ಮರಿಯಿಂದ ಸಾಕಿ, ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟವನ ಕೈಲಿ ಹೊಡೆಸುವ ದಂಧೆ ವರ್ಷಗಟ್ಟಲೆ ನಡೆದಿದೆ. ನಮ್ಮೂರಿನಲ್ಲಿ ಕೋಳಿಯನ್ನು ಮಂಕರಿ ಮುಚ್ಚಿ ಇಟ್ಟುಕೊಂಡು ಹಬ್ಬದ ದಿನ ತೆಗೆಯುತ್ತಾರೆ. ಅದನ್ನು ಯಾರೂ ಶೌರ್ಯ ಅಂತ ಕರೆಯುವುದಿಲ್ಲ.

ಬೆಲೆಯ ಮಾತು ಹೇಳುವುದಾದರೆ, 2014ರ ಜನವರಿಯಲ್ಲಿ ನಮೀಬಿಯಾದ ಒಂದೇ ಒಂದು ಕಪ್ಪು ಘೇಂಡಾಮೃಗವನ್ನು ಹೊಡೆಯುವ ಪರ್ಮಿಟ್ಟು ಅಮೆರಿಕದ ಡಲ್ಲಾಸಿನಲ್ಲಿ ಹರಾಜಾಯಿತು. 3,50,000 ಡಾಲರು, ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ. 2015ರ ಜುಲೈಯಲ್ಲಿ ಜಿಂಬಾಬ್ವೆಯ ಹ್ವಾಂಗೆ ಕಾಡಿನ ಅಂಚಿನಲ್ಲಿ ಸೆಸಿಲ್ ಅನ್ನುವ ಸಿಂಹವನ್ನು ಅಮೆರಿಕದ ಹಲ್ಲಿನ ಡಾಕ್ಟರೊಬ್ಬ ಮೊದಲು ಬಾಣದಲ್ಲಿ ಗಾಯ ಮಾಡಿ, ಗಂಟೆಗಟ್ಟಲೆ ಆದಮೇಲೆ ಕೊಂದ. ಆ ಬೇಟೆಗೆ 50,000 ಡಾಲರು ಕೊಟ್ಟಿದ್ದ ಅಂತ ವರದಿಯಾಯಿತು. ಜಗತ್ತೆಲ್ಲ ಅತ್ತಿತು. ಸೆಸಿಲ್ ಹೆಸರು ನಮ್ಮ ಕಾಲೇಜಿನ ಹುಡುಗರಿಗೂ ಗೊತ್ತು. ಆದರೆ ಅದೇ ಹ್ವಾಂಗೆ ಸುತ್ತಿನ ಹಳ್ಳಿಗಳಲ್ಲಿ ಸಿಂಹ, ಆನೆಗೆ ಸಿಕ್ಕಿ ಸತ್ತ ಒಬ್ಬ ದನಗಾಹಿಯ ಹೆಸರು ಹೇಳಿ ನೋಡೋಣ. ಸಿಂಹಕ್ಕೆ ಹೆಸರಿಟ್ಟವರು ದನಗಾಹಿಗೆ ಇಡಲಿಲ್ಲ.

ಪುಸ್ತಿಕೆಯ ಚಿತ್ರಗಳನ್ನು ನಾನು ಬಹಳ ಹೊತ್ತು ನೋಡಿದೆ. ಎಲ್ಲದರಲ್ಲೂ ಒಂದೇ ಭಂಗಿ. ಸತ್ತ ಪ್ರಾಣಿಯ ಹಿಂದೆ ಮಂಡಿಯೂರಿ ಕೂತ ಯಜಮಾನ, ಹಲ್ಲು ಕಿರಿದ ನಗು. ಹೆಜ್ಜೆ ನೋಡಿ ಪ್ರಾಣಿ ಎಲ್ಲಿದೆ ಅಂತ ಕಂಡುಹಿಡಿದವನು ಚಿತ್ರದಲ್ಲಿ ಇಲ್ಲ. ಒಂದು ಚಿತ್ರದ ಅಂಚಿನಲ್ಲಿ ಮಾತ್ರ ಒಂದು ಕಪ್ಪು ಕೈ ಕಂಡಿತು, ಮೊಣಕೈವರೆಗೆ. ಅಷ್ಟಕ್ಕೇ ಕತ್ತರಿಸಿದ್ದಾರೆ. ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್ವೆಲ್ಟ್ 1909ರಲ್ಲಿ ಮಗನ ಜೊತೆ ಪೂರ್ವ ಆಫ್ರಿಕಾಕ್ಕೆ ಹೋಗಿ, ಅಪ್ಪ ಮಗ ಇಬ್ಬರೇ 512 ಪ್ರಾಣಿ ಹೊಡೆದರು. ಸತ್ತ ಪ್ರಾಣಿಗೆಲ್ಲ ಪಟ್ಟಿ ಇದೆ, ಯಾವುದು ಅಪ್ಪ ಹೊಡೆದದ್ದು, ಯಾವುದು ಮಗ ಹೊಡೆದದ್ದು ಅಂತ. ಅವರ ಗುಡಾರ, ಉಪ್ಪು, ಮದ್ದು, ತೊಗಲು ತಲೆಯ ಮೇಲೆ ಹೊತ್ತು ನಡೆದ ಇನ್ನೂರಕ್ಕೂ ಹೆಚ್ಚು ಆಳುಗಳು ಆ ಪಟ್ಟಿಯಲ್ಲಿ ಬರುವುದಿಲ್ಲ.

ಆ ಕತ್ತರಿಸಿದ ಕೈ ನನಗೆ ಗುರುತಿನ ಕೈ. ಅದು ನಮ್ಮ ತಾತನ ಕೈ.

ನಮ್ಮ ತಾತ ಸೋವಿಗೆ ಹೋಗುತ್ತಿದ್ದ. ಓದುವ ಪಟ್ಟಣದ ಹುಡುಗರಿಗೆ ತಿಳಿಯದಿದ್ದರೆ ಹೇಳುತ್ತೇನೆ. ಪುಷ್ಪಗಿರಿಯ ತಪ್ಪಲಲ್ಲಿ ಹಂದಿಯೋ ಚಿರತೆಯೋ ಇದೆ ಅಂತ ಸುಳಿವು ಸಿಕ್ಕರೆ ಪಟೇಲರ ಮನೆಯಿಂದ ಕೇರಿಗೆ ಹೇಳಿಕೆ ಬರುತ್ತಿತ್ತು. ಕೇರಿಯ ಗಂಡಾಳುಗಳೆಲ್ಲ ತಮಟೆ, ದೊಣ್ಣೆ, ನಾಯಿ ಹಿಡಿದು ಪೊದೆಯ ಒಂದು ಕಡೆಯಿಂದ ಕೇಕೆ ಹಾಕುತ್ತ ನುಗ್ಗಬೇಕು. ಇನ್ನೊಂದು ಕಡೆ ಅಟ್ಟಣೆ ಮೇಲೆ ಯಜಮಾನರು ಕೋವಿ ಹಿಡಿದು ಕೂತಿರುತ್ತಾರೆ. ಪ್ರಾಣಿ ಮುಂದಕ್ಕೆ ಓಡಿದರೆ ಯಜಮಾನರ ಗುಂಡು. ಹಿಂದಕ್ಕೆ ತಿರುಗಿದರೆ ಕೇರಿಯವನ ಹೊಟ್ಟೆ. ತಾತನ ತೊಡೆಯಲ್ಲಿ ಹಂದಿಯ ಕೋರೆ ಸೀಳಿದ ಗಾಯ ಸಾಯುವವರೆಗೂ ಇತ್ತು, ಒಂದು ಗೇಣು ಉದ್ದ. ಕೂಲಿ? ಒಂದು ಸೇರು ರಾಗಿ, ಕರುಳು, ತಲೆಕಾಲು. ಒಳ್ಳೇ ಬಾಡು ಊರೊಳಕ್ಕೆ. ಚಿರತೆಯಾದರೆ ತೊಗಲು ಬಿಚ್ಚುವ ಕೆಲಸವೂ ನಮ್ಮವರದೇ. ಬಿಚ್ಚಿ, ಉಪ್ಪು ಸವರಿ, ಹದಮಾಡಿ ಕೊಟ್ಟರೆ ಅದು ದೊಡ್ಡಮನೆಯ ಗೋಡೆ ಹತ್ತುತ್ತಿತ್ತು. ಗೋಡೆ ಹತ್ತಿದ ಮೇಲೆ ಅದನ್ನು ನೋಡಲು ತಾತ ಆ ಮನೆಯೊಳಕ್ಕೆ ಹೋಗುವ ಹಾಗಿರಲಿಲ್ಲ.

"ತಾತಾ, ನೀನೂ ಒಂದು ಸಲವಾದ್ರೂ ಕೋವಿ ಹೊಡೆದಿದ್ದೀಯಾ?" ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಕೋವಿ ಮುಟ್ಟಿದ್ರೆ ಮೈಲಿಗೆ ಆಯ್ತದೆ ಅನ್ನೋರು ಕಣ್ ಮಗ" ಅಂದಿದ್ದ. ಹಂದಿ ಮುಟ್ಟಿದರೆ ಆಗದ ಮೈಲಿಗೆ ಕಬ್ಬಿಣಕ್ಕೆ ಹೇಗೆ ಆಗುತ್ತದೋ ಶಾಸ್ತ್ರ ಬರೆದವರನ್ನೇ ಕೇಳಬೇಕು.

ದೊಡ್ಡ ಪ್ರಮಾಣದಲ್ಲಿ ಇದೇ ಕತೆ ಮೈಸೂರು ಸಂಸ್ಥಾನದ್ದು. ಬಂಡೀಪುರ ಮಹಾರಾಜರ ಬೇಟೆಯ ಕಾಡು. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆ ಹಿಂಡನ್ನು ಹೊಳೆಗೆ ಅಟ್ಟಿದವರು ಜೇನುಕುರುಬರು, ಬೆಟ್ಟಕುರುಬರು. ಮೇಲೆ ಅಟ್ಟಣೆ ಕಟ್ಟಿಸಿಕೊಂಡು ಕೂತು ನೋಡಿದವರು ವೈಸರಾಯರು, ರಾಜಕುಮಾರರು. ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ಆಮೇಲೆ ಕಬಿನಿ ಹಿನ್ನೀರು ಬಂತು. ಮಹಾರಾಜರ ಬೇಟೆ ಬಂಗಲೆ ಇದ್ದ ಕಾರಾಪುರದಲ್ಲೇ ಈಗ ಸಫಾರಿ ಲಾಡ್ಜು. ಸಫಾರಿ ಅಂದರೆ ಸ್ವಾಹಿಲಿಯಲ್ಲಿ ಪ್ರಯಾಣ ಅಂತ ಅಷ್ಟೇ ಅರ್ಥ. ನಮ್ಮ ಉರ್ದು ಮಾತಿನವರ ಸಫರ್ ಇದೆಯಲ್ಲ, ಅದೇ ಬೇರು. ಪ್ರಯಾಣ ಯಾರದು, ಹೊರಡಿಸುವುದು ಯಾರನ್ನು ಅನ್ನುವುದೇ ಪ್ರಶ್ನೆ. ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಯಿಂದ ಹೊರಬಿದ್ದಿದ್ದ 52 ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ತಮ್ಮ ಹಿರಿಯರ ನೆಲಕ್ಕೆ ವಾಪಸು ಹೋಗಿ ಗುಡಿಸಲು ಹಾಕಲು ಹೊರಟಾಗ ಎದುರಾದದ್ದು ಇಲಾಖೆ ಮತ್ತು ಪೊಲೀಸು. ಪ್ರವಾಸಿಯ ಜೀಪಿಗೆ ತೆರೆಯುವ ಗೇಟು ಆ ಕಾಡಿನಲ್ಲೇ ಹುಟ್ಟಿದವನಿಗೆ ತೆರೆಯುವುದಿಲ್ಲ.

ಬೇಟೆಯ ಸಾಹಿತ್ಯದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಅರಸೀಕೆರೆ ಪಕ್ಕದ ನಾಗವಾರ ಗುಡ್ಡಗಳ ಕರಡಿಯ ಕತೆ ಬರೆದಿದ್ದಾನೆ. ಅಲ್ಲಿ ರಸ್ತೆ ಬದಿಯ ದರ್ಗಾ ಕಾಯುವ ಬಡವನ ಮಗನನ್ನು ಕರಡಿ ಕೊಲ್ಲುತ್ತದೆ, ಆಮೇಲೆ ಸಾಹೇಬ ಕೋವಿ ಹಿಡಿದು ಬರುತ್ತಾನೆ. ಇಂಥ ಕತೆಗಳಲ್ಲಿ ನಮ್ಮ ಜನ ಬರುವುದು ಸಾಯಲಿಕ್ಕೆ, ಇಲ್ಲ ಸಾಹೇಬರ ಕಾಲಿಗೆ ಬಿದ್ದು ಕಾಪಾಡಿ ಅನ್ನಲಿಕ್ಕೆ. ಆದರೂ ಆಂಡರ್ಸನ್ನನಿಗೆ ಒಂದು ಋಣ ಒಪ್ಪಬೇಕು. ತನಗೆ ಕಾಡಿನ ವಿದ್ಯೆ ತೋರಿಸಿದ ಪೂಜಾರಿ ಬುಡಕಟ್ಟಿನ ಬೈರನನ್ನು ಹೆಸರು ಹಿಡಿದು, ಗೆಳೆಯ ಅಂತ ಬರೆದ. ನಮ್ಮ ಯಜಮಾನರುಗಳು ಅಷ್ಟನ್ನೂ ಮಾಡಲಿಲ್ಲ. ತೇಜಸ್ವಿಯವರು ಆಂಡರ್ಸನ್ನನನ್ನು ಕನ್ನಡಕ್ಕೆ ತಂದು ಮನೆಮನೆಗೆ ಮುಟ್ಟಿಸಿದ್ದಾರೆ. ಓದುವವರು ಓದಲಿ. ಓದುವಾಗ ತಮಟೆಯವನು ಎಲ್ಲಿದ್ದಾನೆ ಅಂತ ಒಂದು ಕಣ್ಣು ಇಟ್ಟಿರಲಿ.

ಈಗ ನಮ್ಮೂರಿಗೆ ಬರುತ್ತೇನೆ. ಬಸ್ತಿಹಳ್ಳಿಗೆ ಆ ಹೆಸರು ಬಂದಿದ್ದೇ ಬಸದಿಗಳಿಂದ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಒಳಗಿನ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ, ಮುಖ ಕಾಣುತ್ತದೆ. ಇರುವೆಗೂ ನೋವು ಮಾಡಬಾರದು ಅನ್ನುವ ಧರ್ಮದ ಗುಡಿಗಳು. ಆದರೆ ಆ ರಾಜವಂಶದ ಹೆಸರು ಹುಟ್ಟಿದ್ದೇ ಒಂದು ಬೇಟೆಯಿಂದ ಅಂತ ಕತೆ. ಸುದತ್ತ ಅನ್ನುವ ಜೈನಮುನಿ ಪಾಠ ಹೇಳುತ್ತಿದ್ದಾಗ ಹುಲಿ ಎರಗಿತಂತೆ, ಮುನಿ "ಹೊಯ್ ಸಳ" ಅಂದನಂತೆ, ಸಳ ಹೊಡೆದು ಕೊಂದನಂತೆ. ಹುಲಿ ಅಂದರೆ ಚೋಳರ ಲಾಂಛನ, ತಲಕಾಡಿನಲ್ಲಿ ಚೋಳರನ್ನು ಗೆದ್ದದ್ದನ್ನೇ ಹೀಗೆ ಕತೆ ಕಟ್ಟಿದ್ದಾರೆ ಅನ್ನುವ ವಿದ್ವಾಂಸರೂ ಇದ್ದಾರೆ. ಹೇಗಾದರೂ ಇರಲಿ. ಒಂದು ಹುಲಿ ಹೊಡೆದವನಿಗೆ ವಂಶದ ಹೆಸರು ಬಂತು, ಕಲ್ಲಿನ ಲಾಂಛನ ಬಂತು, ಶಾಲೆಯ ಪಾಠ ಬಂತು.

ಆ ಹುಲಿ ಸತ್ತ ಜಾಗ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುತ್ತಾರೆ, ಹಳೆಯ ಸೊಸೆವೂರು. ಹಕ್ಕಿಪಿಕ್ಕಿಗಳು ಇರುವುದು ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ. ಹೆಸರಿನಲ್ಲಿ ಒಂದು ಹಳ್ಳಿಯಷ್ಟೇ ವ್ಯತ್ಯಾಸ. ಸಳನ ಬೇಟೆಗೆ ಯುನೆಸ್ಕೋ ಪಟ್ಟ ಸಿಕ್ಕಿತು. ಅಂಗಡಿಹಳ್ಳಿಯವನ ಬೇಟೆಗೆ ಸಿಗುವುದು ಅರಣ್ಯ ಇಲಾಖೆಯ ಕೇಸು.

2023ನೇ ಇಸವಿಯನ್ನು ನಮ್ಮ ಜಿಲ್ಲೆಯವರು ನೆನಪಿಟ್ಟುಕೊಳ್ಳಬೇಕು. ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯದ ಎರಡು ಬಣಗಳ ನಡುವೆ ಯುದ್ಧ ಶುರುವಾಯಿತು. ಎಣ್ಣೆ, ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ದಾವಣಗೆರೆ, ಶಿವಮೊಗ್ಗ, ಮೈಸೂರು ಜಿಲ್ಲೆಗಳ ಕಡೆಯವರು. ಅನ್ನ ನೀರಿಲ್ಲದೆ, ಹೊರಗೆ ಗುಂಡಿನ ಸದ್ದು ಕೇಳುತ್ತ ಬಾಡಿಗೆ ರೂಮಿನೊಳಗೆ ಕೂತರು. ಇಲ್ಲಿ ಮೇ 10ಕ್ಕೆ ವಿಧಾನಸಭೆ ಚುನಾವಣೆ. 31 ಮಂದಿ ಸಿಕ್ಕಿಕೊಂಡಿದ್ದಾರೆ ಅಂತ ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಬರೆದರು, ರಾಜಕೀಯ ಮಾಡಬೇಡಿ ಅಂತ ವಿದೇಶಾಂಗ ಸಚಿವರು ರೇಗಿದರು. ಏಪ್ರಿಲ್ 24ರಂದು ಆಪರೇಷನ್ ಕಾವೇರಿ ಶುರುವಾಯಿತು, ಜನ ವಾಪಸು ಬಂದರು. ತಂದದ್ದು ಒಳ್ಳೆಯದೇ, ಅದಕ್ಕೆ ಕೊಂಕು ಬೇಡ. ಮೇ 7ರಂದು ಶಿವಮೊಗ್ಗದಲ್ಲಿ ಪ್ರಧಾನಿಗಳು ಅವರನ್ನು ಭೇಟಿಯಾದರು, ಫೋಟೋ ಬಂತು. ಮತದಾನಕ್ಕೆ ಮೂರು ದಿನ ಇತ್ತು. ಆಮೇಲೆ ಯಾರೂ ಅವರ ಕೇರಿಗೆ ಹೋಗಿ, ಅಪ್ಪಾ, ನೀವು ಆ ಊರಿಗೆ ಯಾಕೆ ಹೋದಿರಿ ಅಂತ ಕೇಳಿದ್ದು ನಾನು ಕಾಣೆ.

ಅದೇ ವರ್ಷ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ, ಗಾಯಗೊಂಡ ಕಾಡಾನೆಗೆ ಅರಿವಳಿಕೆ ಮದ್ದು ಹೊಡೆಯಲು ಹೋದ 'ಆನೆ ವೆಂಕಟೇಶ್' ಅದೇ ಆನೆಗೆ ಸಿಕ್ಕಿ ಸತ್ತರು. ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಪಟಾಕಿ ಹೊಡೆದರು. ಅಕ್ಟೋಬರಿನಲ್ಲಿ ಹುಲಿಯುಗುರಿನ ಗಲಾಟೆ. ಟಿ.ವಿ. ಸ್ಪರ್ಧೆಯ ಮನೆಯಿಂದಲೇ ಒಬ್ಬನನ್ನು ಹಿಡಿದು ತಂದರು. ಆಮೇಲೆ ಉಗುರಿನ ಸರ ಹಾಕಿಕೊಂಡಿದ್ದ ದೊಡ್ಡ ದೊಡ್ಡವರ ಫೋಟೋಗಳು ಹೊರಬಿದ್ದವು, ಬಹಳ ಮಂದಿಯದು ಪ್ಲಾಸ್ಟಿಕ್ಕು ಅಂತ ಗೊತ್ತಾಯಿತಂತೆ! 2024ರ ಜನವರಿಯಲ್ಲಿ ಸರ್ಕಾರ, ಮನೆಯಲ್ಲಿ ಇಟ್ಟುಕೊಂಡಿರುವ ಕೊಂಬು, ತೊಗಲು, ಉಗುರು ತಂದು ಒಪ್ಪಿಸಲು ಮೂರು ತಿಂಗಳ ಅವಕಾಶ ಅಂತ ಪ್ರಕಟಿಸಿತು. ಇದಕ್ಕೂ ಮೊದಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನ ಕೊಟ್ಟು, ಇರುವುದನ್ನು ಹೇಳಿಕೊಳ್ಳಿ ಅಂದಿತ್ತು. ಗೋಡೆ ಮೇಲಿನ ಹುಲಿತಲೆಗೆ ಮಾಲೀಕತ್ವದ ಸರ್ಟಿಫಿಕೇಟು ಕೊಡುವ ಕಲಮು ಕಾಯ್ದೆಯಲ್ಲೇ ಇದೆ. ಬುರ್ಲಿ ಹಕ್ಕಿ ಹಿಡಿಯುವ ಬಲೆಗೆ ಅವಧಿಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ, ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತ. ಅರ್ಜುನನಿಗೆ ಇಡೀ ರಾಜ್ಯ ಅತ್ತಿತು, ಅಳಬೇಕಾದ್ದೇ. ಕಾಫಿ ತೋಟಕ್ಕೆ ಮುಂಜಾನೆ ಕೂಲಿಗೆ ಹೋಗುವಾಗ ಆನೆ ತುಳಿದು ಸತ್ತ ಹೆಣ್ಣಾಳಿಗೆ ಅಳುವುದು ಅವಳ ಮಕ್ಕಳು ಮಾತ್ರ.

ಇಷ್ಟು ಹೇಳಿದ್ದಕ್ಕೆ, ಹಾಗಾದರೆ ಬೇಟೆ ಬಿಡಬೇಕು ಅಂತೀಯಾ ಅಂತ ಯಾರಾದರೂ ಕೇಳಬಹುದು. ಇಲ್ಲ. 1972ರ ವನ್ಯಜೀವಿ ಕಾಯ್ದೆ ಬರದೇ ಹೋಗಿದ್ದರೆ ರಾಜರು, ಸಾಹುಕಾರರು, ವಿಲಾಯಿತಿಯಿಂದ ಬಂದ ಶಿಕಾರಿಯವರು ಸೇರಿ ಒಂದು ಹುಲಿಯನ್ನೂ ಉಳಿಸುತ್ತಿರಲಿಲ್ಲ. ಅದಕ್ಕೆ ಮುಂಚೆ ಇಂಡಿಯಾ ಕೂಡ ಇಂಥದೇ ಬಣ್ಣದ ಪುಸ್ತಿಕೆಗಳಲ್ಲಿ ಇತ್ತು. ಶಿಕಾರಿ ಕಂಪನಿಗಳು ಅಮೆರಿಕದವರನ್ನು ಕರೆತಂದು ಹುಲಿ ಹೊಡೆಸುತ್ತಿದ್ದವು. ನನ್ನ ಜಗಳ ಕಾನೂನು ಬಂದದ್ದಕ್ಕಲ್ಲ. ಕಾಡು ಖಾಲಿ ಮಾಡಿದವನ ಕೈಯಲ್ಲಿ ಕೋವಿ ಇತ್ತು. ಹೊಟ್ಟೆ ಖಾಲಿಯಾದದ್ದು ಬಲೆ ಹಿಡಿದವನದು. ಬೇಟೆ ಬಿಟ್ಟವನಿಗೆ ಕಾಫಿ ತೋಟ ಇತ್ತು. ಬಲೆ ಬಿಟ್ಟವನಿಗೆ ಏನು ಕೊಟ್ಟಿರಿ ಅಂತ ಐವತ್ತು ವರ್ಷದಿಂದ ಯಾವ ಸರ್ಕಾರವೂ ಬಾಯಿಬಿಟ್ಟಿಲ್ಲ.

ಆಫ್ರಿಕಾದಲ್ಲೂ ಇದೇ ಕತೆ ಅಂತ ಪುಸ್ತಿಕೆ ಬಿಟ್ಟು ಬೇರೆ ಓದಿದಾಗ ತಿಳಿಯಿತು. ಬೋಟ್ಸ್ವಾನಾದ ಸಾನ್ ಜನ ಕಲಹರಿಯ ಮೂಲದವರು, ಬಿಲ್ಲು ಬಾಣದ ಬೇಟೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ವನ್ಯಧಾಮ ಅಂತ ಹೇಳಿ 1997ರಲ್ಲಿ, ಮತ್ತೆ 2002ರಲ್ಲಿ ಅವರನ್ನು ಹೊರಹಾಕಿದರು. ಅವರು ಕೋರ್ಟಿಗೆ ಹೋದರು, 2006ರ ಡಿಸೆಂಬರಿನಲ್ಲಿ ಗೆದ್ದರು. ಬೇಟೆಯ ಪರವಾನಗಿ ಕೊಡದೇ ಇರುವುದು ಕಾನೂನಿಗೆ ವಿರುದ್ಧ ಅಂತಲೂ ಕೋರ್ಟು ಹೇಳಿತು. ಗೆದ್ದರೂ ಪರವಾನಗಿ ಬರಲಿಲ್ಲ. 2014ರ ನಿಷೇಧ ಬಂದಾಗ ಬೇಲಿ ಹಾಕಿದ ಖಾಸಗಿ ಜಮೀನಿನ ಬೇಟೆಗೆ ವಿನಾಯಿತಿ ಇತ್ತು, ಹೊಟ್ಟೆಗಾಗಿ ಜಿಂಕೆ ಹೊಡೆಯುವ ಸಾನ್ ಮನುಷ್ಯನಿಗೆ ಇರಲಿಲ್ಲ. ತಾಂಜಾನಿಯಾದ ಲೋಲಿಯೊಂಡೋದಲ್ಲಿ 1992ರಿಂದ ಅರಬ್ ಎಮಿರೇಟ್ಸಿನ ದೊರೆಗಳ ಬೇಟೆಗೆ ಒಂದು ಕಂಪನಿ ಇದೆ. 2022ರ ಜೂನಿನಲ್ಲಿ ಅಲ್ಲಿ 1,500 ಚದರ ಕಿಲೋಮೀಟರ್ ನೆಲಕ್ಕೆ ಗಡಿಕಲ್ಲು ನೆಡಲು ಪೊಲೀಸು ಬಂದಾಗ ದನ ಮೇಯಿಸುವ ಮಸಾಯಿಗಳು ಅಡ್ಡ ನಿಂತರು, ಗುಂಡು ಹಾರಿತು, ಜನ ಗಾಯಗೊಂಡು ಗಡಿ ದಾಟಿ ಕೀನ್ಯಾಕ್ಕೆ ಓಡಿದರು. ಪುಸ್ತಿಕೆಯಲ್ಲಿ ತಾಂಜಾನಿಯಾದ ಪುಟಕ್ಕೆ "ಮನುಷ್ಯರ ಸುಳಿವಿಲ್ಲದ ಕಾಡು" ಅನ್ನುವ ಅರ್ಥದ ಮಾತು ಹಾಕಿದ್ದಾರೆ. ಸುಳಿವಿಲ್ಲದಂತೆ ಮಾಡಿದ್ದು ಹೇಗೆ ಅನ್ನುವುದನ್ನು ಹಾಕಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಬೇಟೆಯ ಪರವಾಗಿ ವಾದಿಸುವವರಲ್ಲಿ ಎಲ್ಲರೂ ಸಾಹುಕಾರರಲ್ಲ. ನಮೀಬಿಯಾದಲ್ಲಿ 1996ರ ಕಾನೂನು ಹಳ್ಳಿಯವರು ಸಂಘ ಕಟ್ಟಿಕೊಂಡು ತಮ್ಮ ನೆಲದ ಪ್ರಾಣಿಗಳ ಮೇಲೆ ಹಕ್ಕು ಪಡೆಯಲು ದಾರಿ ಮಾಡಿತು. ಬೇಟೆಯ ದುಡ್ಡು ಆ ಸಂಘಕ್ಕೆ ಬರುತ್ತದೆ, ಬಾಡು ಊರಿಗೆ ಬರುತ್ತದೆ. ಬೇಟೆ ನಿಲ್ಲಿಸಿದ ಕೀನ್ಯಾದಲ್ಲಿ ಪ್ರಾಣಿಗಳು ಕಡಿಮೆಯಾಗುವುದು ನಿಲ್ಲಲಿಲ್ಲ ಅನ್ನುವುದೂ ನಿಜ. 2024ರಲ್ಲಿ ಜರ್ಮನಿಯವರು ಆನೆ ಬೇಟೆ ನಿಲ್ಲಿಸಿ ಅಂತ ಬುದ್ಧಿ ಹೇಳಿದಾಗ ಬೋಟ್ಸ್ವಾನಾದ ಆಗಿನ ಅಧ್ಯಕ್ಷ ಮಸೀಸಿ, 20,000 ಆನೆ ನಿಮಗೇ ಕಳಿಸುತ್ತೇನೆ, ಸಾಕಿಕೊಳ್ಳಿ ಅಂದ. ಸಕಲೇಶಪುರ, ಆಲೂರು, ಬೇಲೂರಿನ ರೈತರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಬರ್ಲಿನ್ನಿನಲ್ಲೋ ಬೆಂಗಳೂರಿನಲ್ಲೋ ಕೂತು ಆನೆಯನ್ನು ಪ್ರೀತಿಸುವುದು ಸುಲಭ.

ಈ ವಾದವನ್ನೇ ಹಿಡಿದು ನಮ್ಮ ಸಾಹುಕಾರರು, ಇಲ್ಲೂ ಲೈಸೆನ್ಸು ಕೊಡಲಿ, ದುಡ್ಡು ಬರುತ್ತೆ, ಆನೆ ಕಾಟವೂ ತಪ್ಪುತ್ತೆ ಅನ್ನುತ್ತಾರೆ. ಕೇಳಲು ಸೊಗಸು. ಆದರೆ ಕೋವಿ ಯಾರ ಕೈಗೆ? ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅದು ಅವರ ಸಂಸ್ಕೃತಿ ಅನ್ನುತ್ತಾರೆ, ಇರಬಹುದು. ಅದೇ ಕೊಡಗಿನ ಲೈನುಮನೆಗಳಲ್ಲಿರುವ ಯರವರಿಗೆ, ಕುರುಬರಿಗೆ ಜಮ್ಮಾ ಭೂಮಿಯೂ ಇಲ್ಲ, ಕೋವಿಯೂ ಇಲ್ಲ. ಆನೆ ಎದುರಾಗುವುದು ಮಾತ್ರ ಅವರಿಗೇ ಮೊದಲು. ನಮೀಬಿಯಾದ ಮಾತು ಆಡುವವರು ಅಲ್ಲಿಯ ಕಾನೂನಿನ ಮೊದಲ ಅರ್ಧವನ್ನು ನುಂಗುತ್ತಾರೆ. ಮೊದಲು ಹಳ್ಳಿಯವರಿಗೆ ಹಕ್ಕು, ಆಮೇಲೆ ಬೇಟೆಯ ಮಾತು. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುತ್ತಿರುವಾಗ ಎರಡನೇ ಅರ್ಧಕ್ಕೆ ಇಷ್ಟು ಅವಸರ ಯಾಕೆ?

ಅಂಗಡಿಹಳ್ಳಿಗೆ ನಾನು ಹೋಗಿದ್ದೆ. ಹಕ್ಕಿಪಿಕ್ಕಿಗಳ ಬಗ್ಗೆ ನಮ್ಮ ಪತ್ರಿಕೆಗಳು ಬರೆಯುವುದು ಒಂದೇ ವಿಷಯ, ಅವರು ಮಕ್ಕಳಿಗೆ ಹೈಕೋರ್ಟ್, ಗ್ಲೂಕೋಸ್, ಕಾಫಿ ಅಂತ ಹೆಸರಿಡುತ್ತಾರೆ ಅಂತ. ಓದಿ ನಗುವುದು, ಪುಟ ತಿರುಗಿಸುವುದು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಅವರು 12 ಸಾವಿರದೊಳಗೆ. ಮನೆಯಲ್ಲಿ ಆಡುವುದು ಗುಜರಾತಿಗೆ ಹತ್ತಿರದ ವಾಗ್ರಿ, ಹೊರಗೆ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಬರುತ್ತದೆ. ಆಫ್ರಿಕಾಕ್ಕೆ ಹೋಗಿ ಬಂದವರು ಫ್ರೆಂಚನ್ನೂ ಮಾರುವಷ್ಟು ಮಾತಾಡುತ್ತಾರೆ. ಬಿ.ಎ.ಯಲ್ಲಿ ಇಂಗ್ಲಿಷ್ ಪಾಸಾಗಲು ನಾನು ಪಟ್ಟ ಪಾಡು ನನಗೆ ಗೊತ್ತು. ಇಷ್ಟು ಭಾಷೆ ಬಲ್ಲವರನ್ನು ನಾವು ಅನಕ್ಷರಸ್ಥರು ಅನ್ನುತ್ತೇವೆ.

ಮನೆ ಮುಂದೆ ಎಣ್ಣೆ ಕಾಯಿಸುತ್ತಿದ್ದ ಒಬ್ಬರು ಹಿರಿಯರನ್ನು, "ಅಣ್ಣಾ, ಯಾವ ದೇಶಕ್ಕೆ ಹೋಗಬೇಕು ಅಂತ ಹೆಂಗೆ ತೀರ್ಮಾನ ಮಾಡ್ತೀರಿ?" ಅಂತ ಕೇಳಿದೆ.

"ತೀರ್ಮಾನ ಏನ್ ಬಂತು ಮೇಷ್ಟ್ರೇ. ಯಾವ್ದು ವೀಸಾ ಬೇಗ ಕೊಡ್ತದೋ ಅದು. ಹೋದೋರು ವಾಪಸ್ ಬಂದವ್ರೋ ಇಲ್ವೋ, ಅದೊಂದು ನೋಡ್ತೀವಿ."

"ಬಡ್ಡಿ ಸಾಲ ತಗೊಂಡು ಹೋಗ್ತೀರಂತಲ್ಲ?"

"ಸಾಲ ಇಲ್ದೆ ಇಮಾನ ಯಾರು ಹತ್ತಿಸ್ತಾರೆ? ಸರಕು ಕಸ್ಟಮಿನಲ್ಲಿ ಹೋದ್ರೆ ಹೋಯ್ತು. ಬಡ್ಡಿ ಮಾತ್ರ ಕಸ್ಟಮಿಗೆ ಸಿಕ್ಕಾಕಂಡಲ್ಲ."

ಅಲ್ಲಿಯ ಸಿಂಹ, ಆನೆ ನೋಡಿದ್ದೀರಾ ಅಂದೆ. ಜೋರಾಗಿ ನಕ್ಕರು. "ಸಂತೆ ಬಿಟ್ಟು ಎಲ್ಲಿಗೆ ಹೋಗಾನ? ಒಂದ್ ದಿನ ಕೌಜುಗ ಕೂಗಿದಂಗಾಯ್ತು ನೋಡು, ನಮ್ಮೂರ ಕೌಜುಗನಂಗೆ. ಎಣ್ಣೆ ಬಾಟ್ಲಿ ಕೆಳಗಿಟ್ಟು ಹಂಗೇ ನಿಂತ್ಕಂಡೆ." ಬಾಯಿ ಸೊಟ್ಟ ಮಾಡಿ ಅವರು ಒಂದು ಸಲ ಕೂಗಿ ತೋರಿಸಿದರು. ಹಿತ್ತಲಾಚೆ ಹೊಲದ ಬೇಲಿಯಿಂದ ಕೌಜುಗವೊಂದು ತಿರುಗಿ ಕೂಗಿತು. ಆ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯ ಕಲಿಸುತ್ತದೆ? ಹಕ್ಕಿಗಳನ್ನು ಎಣಿಸಲು ಇಲಾಖೆ ಪಟ್ಟಣದಿಂದ ದುರ್ಬೀನು ಹಾಕಿಕೊಂಡ ಹುಡುಗರನ್ನು ಕರೆಸುತ್ತದೆ. ಹಕ್ಕಿಯ ಜೊತೆ ಮಾತಾಡಬಲ್ಲವನು ವಿಮಾನ ಹತ್ತಿ ಎಣ್ಣೆ ಮಾರುತ್ತಾನೆ.

ಕೇಳುವುದು ದೊಡ್ಡದೇನಿಲ್ಲ. ಹಕ್ಕಿಪಿಕ್ಕಿ ಕೇರಿಗಳಲ್ಲಿ ಎಷ್ಟು ಕುಟುಂಬಕ್ಕೆ ಉಳುವ ನೆಲದ ಪತ್ರ ಇದೆ ಅಂತ ಜಿಲ್ಲಾಡಳಿತ ಲೆಕ್ಕ ಕೊಡಲಿ. ಹೊರದೇಶಕ್ಕೆ ಹೋಗುವವರಿಗೆ ಬಡ್ಡಿ ಲೇವಾದೇವಿಯವನ ಬದಲು ಪರಿಶಿಷ್ಟ ಪಂಗಡದ ನಿಗಮ ಸಾಲ ಕೊಡಲಿ, ಯಾವ ದೇಶದಲ್ಲಿ ಏನು ಪರಿಸ್ಥಿತಿ ಅಂತ ಕನ್ನಡದಲ್ಲಿ ಹೇಳುವ ಒಬ್ಬ ಗುಮಾಸ್ತ ಹಾಸನದಲ್ಲಿ ಕೂರಲಿ. ಇಲಾಖೆಯ ಹಕ್ಕಿ ಗಣತಿಗೆ, ಕಾವಲಿಗೆ, ದಾರಿ ತೋರಿಸುವ ಕೆಲಸಕ್ಕೆ ಅವರ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ತೆಗೆದುಕೊಳ್ಳಲಿ, ದಿನಗೂಲಿಗಲ್ಲ.

ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ದೊಡ್ಡಮನೆಯ ಗೋಡೆ ಮೇಲೆ ಕೊಂಬೋ ತಲೆಯೋ ಇದ್ದರೆ, ಆ ಪ್ರಾಣಿಯ ಸೋವಿಗೆ ಕೇರಿಯಿಂದ ಯಾರು ಯಾರು ಹೋಗಿದ್ದರು, ಯಾರಿಗೆ ಗಾಯವಾಯಿತು, ಯಾರು ಸತ್ತರು, ಕೂಲಿ ಏನು ಕೊಟ್ಟರು ಅಂತ ಮುದುಕರನ್ನು ಕೇಳಿ ಬರೆದಿಡಿ. 1972ಕ್ಕೆ ಮುಂಚೆ ಸೋವಿಗೆ ಹೋದವರಿಗೆ ಈಗ ಎಪ್ಪತ್ತು ದಾಟಿದೆ. ಬಹಳ ಮಂದಿ ಉಳಿದಿಲ್ಲ. ಹೆಸರು, ಊರು, ಪ್ರಾಣಿ ಯಾವುದು ಅನ್ನುವಷ್ಟಾದರೂ ಸಾಕು, ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂದಿನ ಸಂಚಿಕೆಯಿಂದ ಆ ಪಟ್ಟಿಯನ್ನು ಅಚ್ಚು ಹಾಕೋಣ.